ಶಶಿ ಗೋಡಬೋಲೆಯ ತಪ್ಪುಗಳ ಲೆಕ್ಕ

ಮಾರ್ಚ್ ತಿಂಗಳು ಬಂತೆಂದರೆ ಪುಣೆಯ ಇಂಗ್ಲಿಷ್ ಎಂ.ಎ. ವಿದ್ಯಾರ್ಥಿಗಳಿಗೆ ಡಿಸರ್ಟೇಷನ್ನಿನ ಸುಗ್ಗಿ. ಝೆರಾಕ್ಸ್ ಅಂಗಡಿಗಳ ಮುಂದೆ ಸ್ಪೈರಲ್ ಬೈಂಡಿಂಗ್ ಮಾಡಿಸಲು ರಾತ್ರಿಯವರೆಗೂ ಸಾಲು. ಧಾರವಾಡದಿಂದ ಈ ಊರಿಗೆ ಬಂದು ಇಂಗ್ಲಿಷ್ ಮೇಷ್ಟ್ರಾಗಿರುವ ನನ್ನ ಮೇಜಿನ ಮೇಲೂ ಆ ಕಟ್ಟುಗಳು ಬಂದು ಬೀಳುತ್ತವೆ. ಕೆಲವು ನಮ್ಮ ವಿಭಾಗದವು, ಕೆಲವು ಪರೀಕ್ಷಕನಾಗಿ ಬೇರೆ ಕಾಲೇಜುಗಳಿಂದ ಬಂದವು. ಕೆಲವು ವರ್ಷಗಳಿಂದ ಇವುಗಳಲ್ಲಿ ಒಂದು ಹೊಸ ಬೆಳೆ ಚೆನ್ನಾಗಿ ಬರುತ್ತಿದೆ: ಇಂಗ್ಲಿಷ್ ಕಲಿಕೆ, ಭಾಷಾವಿಜ್ಞಾನ, ಸಿನಿಮಾ ವಿಶ್ಲೇಷಣೆ ಮೂರನ್ನೂ ಒಂದೇ ನೊಗಕ್ಕೆ ಕಟ್ಟಿದ ಸಂಶೋಧನೆ. 2017ರ ‘ಹಿಂದಿ ಮೀಡಿಯಂ’ ಮೇಲೆ ಬರೆದವರಿದ್ದಾರೆ. ಆದರೆ ಎಲ್ಲಕ್ಕಿಂತ ಹೆಚ್ಚು ಬೇಡಿಕೆ ಇರುವುದು 2012ರಲ್ಲಿ ಬಂದ, ಗೌರಿ ಶಿಂಧೆ ನಿರ್ದೇಶನದ ‘ಇಂಗ್ಲಿಷ್ ವಿಂಗ್ಲಿಷ್’ಗೆ.

ಅದಕ್ಕೆ ಕಾರಣವೂ ಇದೆ. ಸಿನಿಮಾದ ಮನೆ ಪುಣೆಯದು, ನಿರ್ದೇಶಕಿಯೂ ಪುಣೆಯವರು. ಅಲ್ಲದೆ ಇಂಗ್ಲಿಷ್ ಬಾರದ ಅಮ್ಮನ ಕಥೆ ಎಂದರೆ ನಮ್ಮ ಕ್ಲಾಸಿನ ಅರ್ಧ ಹುಡುಗರಿಗೆ ಸ್ವಂತ ಮನೆಯ ಕಥೆಯೇ. ಹೀಗಿರುವಾಗ ಈ ಪ್ರಬಂಧಗಳು ತುಂಬಾ ಜೀವಂತವಾಗಿರಬೇಕಿತ್ತು. ಹಾಗೆ ಇಲ್ಲ ಎನ್ನುವುದೇ ನನ್ನ ತಕರಾರು. ಇದು ಬರೀ ಮಾರ್ಕ್ಸಿನ ಮಾತಾಗಿದ್ದರೆ ಇಲ್ಲಿ ಬರೆಯುವ ಅಗತ್ಯವಿರಲಿಲ್ಲ. ಊರು ಬಿಟ್ಟು ಬಂದವರ ಮಕ್ಕಳು ತಮ್ಮ ಮನೆಯ ಮಾತನ್ನು ಹೇಗೆ ನೋಡಲು ಕಲಿಯುತ್ತಿದ್ದಾರೆ ಎನ್ನುವ ಪ್ರಶ್ನೆ ಇದರೊಳಗಿದೆ.

ಸಿನಿಮಾ ನೋಡದವರಿಗಾಗಿ ಕಥೆ ಎರಡು ಮಾತಿನಲ್ಲಿ. ಶಶಿ ಗೋಡಬೋಲೆ ಲಾಡು ಮಾಡಿ ಮಾರುವ ಗೃಹಿಣಿ. ಇಂಗ್ಲಿಷ್ ಬರುವುದಿಲ್ಲವೆಂದು ಗಂಡನಿಗೆ ಸದರ, ಮಗಳಿಗೆ ನಾಚಿಕೆ. ಅಕ್ಕನ ಮಗಳ ಮದುವೆಗೆಂದು ನ್ಯೂಯಾರ್ಕಿಗೆ ಒಬ್ಬಳೇ ಮುಂಚಿತವಾಗಿ ಹೋಗುತ್ತಾಳೆ. ಯಾರಿಗೂ ಹೇಳದೆ ನಾಲ್ಕು ವಾರದ ಇಂಗ್ಲಿಷ್ ಕ್ಲಾಸಿಗೆ ಸೇರುತ್ತಾಳೆ. ಕೊನೆಗೆ ಮದುವೆಯ ಮನೆಯಲ್ಲಿ ಎದ್ದು ನಿಂತು, ತಡವರಿಸುತ್ತ, ಇಂಗ್ಲಿಷಿನಲ್ಲಿ ಮಾತಾಡಿ ಎಲ್ಲರ ಬಾಯಿ ಮುಚ್ಚಿಸುತ್ತಾಳೆ. ಶ್ರೀದೇವಿ ಹದಿನೈದು ವರ್ಷಗಳ ನಂತರ ಮತ್ತೆ ಪರದೆಗೆ ಬಂದ ಪಾತ್ರ ಇದು.

ಇನ್ನು ಪ್ರಬಂಧಗಳ ಅಚ್ಚು ನೋಡಿ. ಐದು ಅಧ್ಯಾಯ. ಎರಡನೆಯದರಲ್ಲಿ ದೊಡ್ಡವರ ಹೆಸರುಗಳ ಮೆರವಣಿಗೆ. ಪಿಟ್ ಕೋರ್ಡರ್ 1967ರಲ್ಲಿ ಹೀಗೆಂದ, ಲ್ಯಾರಿ ಸೆಲಿಂಕರ್ 1972ರಲ್ಲಿ ಹಾಗೆಂದ, ಸ್ಟೀಫನ್ ಕ್ರಾಶೆನ್ ಮತ್ತೊಂದು ಹೇಳಿದ. ನಾಲ್ಕನೆಯ ಅಧ್ಯಾಯದಲ್ಲಿ ಒಂದು ಕೋಷ್ಟಕ. ಶಶಿ ಮಾಡಿದ ತಪ್ಪುಗಳ ಲೆಕ್ಕ: ಆರ್ಟಿಕಲ್ ಬಿಟ್ಟದ್ದು ಇಷ್ಟು, ಕ್ರಿಯಾಪದ ಕೆಟ್ಟದ್ದು ಇಷ್ಟು, ಉಚ್ಚಾರ ಜಾರಿದ್ದು ಇಷ್ಟು. ಐದನೆಯದರಲ್ಲಿ ತೀರ್ಪು: ಮಾತೃಭಾಷೆಯ ಅಡ್ಡಿಯಿಂದ ಕಲಿಕೆ ಕುಂಠಿತವಾಯಿತು, ಛಲದಿಂದ ಗೆದ್ದಳು. ಹೆಚ್ಚಿನವು ಇದೇ ಅಚ್ಚಿನ ಇಟ್ಟಿಗೆಗಳು.

ತಮಾಷೆಯೆಂದರೆ ಎರಡನೆಯ ಅಧ್ಯಾಯಕ್ಕೂ ನಾಲ್ಕನೆಯ ಅಧ್ಯಾಯಕ್ಕೂ ಪರಿಚಯವೇ ಇರುವುದಿಲ್ಲ. ಕೋರ್ಡರ್ ಹೇಳಿದ್ದೇನು? ಕಲಿಯುವವರ ತಪ್ಪು ಎಂದರೆ ಪಾಪವಲ್ಲ, ಸಾಕ್ಷಿ. ಅವರ ತಲೆಯೊಳಗೆ ಹೊಸ ಭಾಷೆಯ ಒಂದು ವ್ಯವಸ್ಥೆ ಕಟ್ಟಿಕೊಳ್ಳುತ್ತಿದೆ ಎನ್ನುವುದಕ್ಕೆ ಅದೇ ಪುರಾವೆ. ಸೆಲಿಂಕರ್ ಅದಕ್ಕೆ ‘ಇಂಟರ್‌ಲ್ಯಾಂಗ್ವೇಜ್’ ಎಂದು ಹೆಸರಿಟ್ಟ. ಮನೆಭಾಷೆಗೂ ಕಲಿಯುವ ಭಾಷೆಗೂ ನಡುವೆ ನಿಂತ, ತನ್ನದೇ ನಿಯಮಗಳಿರುವ ನಡುದಾರಿಯ ಭಾಷೆ ಅದು. ಇಷ್ಟನ್ನು ಇಪ್ಪತ್ತು ಪುಟ ಬರೆದ ವಿದ್ಯಾರ್ಥಿಯೇ ನಾಲ್ಕನೆಯ ಅಧ್ಯಾಯಕ್ಕೆ ಬರುವಷ್ಟರಲ್ಲಿ ಕೆಂಪು ಪೆನ್ನು ಹಿಡಿದ ಹಳೇ ಮೇಷ್ಟ್ರಾಗಿಬಿಡುತ್ತಾನೆ.

ಒಂದು ಉದಾಹರಣೆ ಕೊಡುತ್ತೇನೆ. ಕ್ಲಾಸಿನಲ್ಲಿ ಶಶಿ ಒಂದು ಸಂಶಯ ಎತ್ತುತ್ತಾಳೆ. ‘ಯುನೈಟೆಡ್ ಸ್ಟೇಟ್ಸ್’ ಹಿಂದೆ ‘ದಿ’ ಬೇಕು, ‘ಇಂಡಿಯಾ’ ಹಿಂದೆ ಯಾಕೆ ಬೇಡ? ಥಿಯೇಟರಿನಲ್ಲಿ ಜನ ನಗುವ ಜಾಗ ಅದು. ನಿಜವಾಗಿ ನೋಡಿದರೆ ಇಡೀ ಸಿನಿಮಾದಲ್ಲಿ ಭಾಷಾವಿಜ್ಞಾನಿ ಕೇಳಬಹುದಾದ ಪ್ರಶ್ನೆಯನ್ನು ಕೇಳಿದವಳು ಶಶಿ ಒಬ್ಬಳೇ. ಪ್ರಬಂಧಗಳಲ್ಲಿ ಈ ದೃಶ್ಯ ‘ಆರ್ಟಿಕಲ್ ದೋಷ’ದ ಸಾಲಿಗೆ ಸೇರುತ್ತದೆ. ಅವಳ ಭಾಷೆಯಲ್ಲಿ ‘ದಿ’ ಇಲ್ಲ ನಿಜ. ಹಾಗಂತ ‘ದಿ’ ಮಾಡುವ ಕೆಲಸ ಇಲ್ಲವೇ? ನಮ್ಮ ಕನ್ನಡವನ್ನೇ ತೆಗೆದುಕೊಳ್ಳಿ. ‘ಪುಸ್ತಕ ತಂದೆ’ ಅಂದರೆ ಯಾವುದೋ ಒಂದು ಪುಸ್ತಕ ಇರಬಹುದು. ‘ಪುಸ್ತಕವನ್ನು ತಂದೆ’ ಅಂದಾಗ ಸಾಮಾನ್ಯವಾಗಿ ನಿಮಗೂ ನನಗೂ ಗೊತ್ತಿರುವ ಆ ಪುಸ್ತಕ. ಇಂಗ್ಲಿಷಿನವನು ನಾಮಪದದ ಮುಂದೆ ಇಡುವುದರಲ್ಲಿ ಒಂದಿಷ್ಟನ್ನು ನಾವು ‘ಅನ್ನು’ ಎಂದು ಹಿಂದೆ ಹಚ್ಚುತ್ತೇವೆ. ಇದನ್ನು ಒಂದು ಸಲ ತೋರಿಸಿಕೊಟ್ಟರೆ ಕನ್ನಡದ ಹುಡುಗಿಗೆ ‘ದಿ’ ಅರ್ಥವಾಗುವ ದಾರಿ ತೆರೆಯುತ್ತದೆ. ಮನೆಭಾಷೆ ಇಲ್ಲಿ ಅಡ್ಡಿಯಲ್ಲ, ಏಣಿ. ಆದರೆ ಆ ಏಣಿಯನ್ನು ಹುಡುಕಿದ ಪ್ರಬಂಧ ನನ್ನ ಮೇಜಿಗೆ ಬಂದಿಲ್ಲ.

ಇನ್ನೂ ಮೂಲಭೂತವಾದ ಒಂದು ತೊಂದರೆ ಇದೆ. ಶಶಿಯ ತಪ್ಪುಗಳು ಶಶಿಯವಲ್ಲ, ಚಿತ್ರಕಥೆ ಬರೆದವರವು. ಅವನ್ನು ಎಣಿಸಿದರೆ ಪುಣೆಯ ಗೃಹಿಣಿ ಹೇಗೆ ಇಂಗ್ಲಿಷ್ ಕಲಿಯುತ್ತಾಳೆ ಎಂದು ತಿಳಿಯುವುದಿಲ್ಲ. ಇಂಗ್ಲಿಷ್ ಬಲ್ಲವರು ಅವಳ ತಪ್ಪುಗಳನ್ನು ಹೇಗೆ ಕಲ್ಪಿಸಿಕೊಳ್ಳುತ್ತಾರೆ, ಯಾವ ತಪ್ಪಿಗೆ ನಗುತ್ತಾರೆ, ಯಾವುದಕ್ಕೆ ಮರುಗುತ್ತಾರೆ ಎನ್ನುವುದು ತಿಳಿಯುತ್ತದೆ. ಅದೂ ಒಳ್ಳೆಯ ಸಂಶೋಧನೆಯೇ, ಆದರೆ ಬೇರೆ ಸಂಶೋಧನೆ. ಈ ಎರಡನ್ನೂ ಬೆರೆಸಿಬಿಟ್ಟರೆ ಭಾಷಾವಿಜ್ಞಾನವೂ ಕೆಟ್ಟಿತು, ಸಿನಿಮಾ ವಿಶ್ಲೇಷಣೆಯೂ ಕೆಟ್ಟಿತು. ಜೊತೆಗೆ ಶ್ರೀದೇವಿ ಯಾರು? ತಮಿಳು ಮನೆಯ ಹುಡುಗಿ, ತಮಿಳು ತೆಲುಗು ಚಿತ್ರಗಳಲ್ಲಿ ಬೆಳೆದವರು. ಮುಂಬಯಿಗೆ ಬಂದ ಹೊಸತರಲ್ಲಿ ಹಿಂದಿ ಚಿತ್ರಗಳಲ್ಲಿ ಅವರ ಬಾಯಿಗೆ ಬೇರೆಯವರ ಧ್ವನಿ ಕೊಡುತ್ತಿದ್ದರು. ಅಂದರೆ ಹಿಂದಿಯನ್ನೇ ಕಲಿತು ಗೆದ್ದ ನಟಿ, ಹಿಂದಿ ಬಲ್ಲ ಇಂಗ್ಲಿಷ್ ಬಾರದ ಹೆಂಗಸಾಗಿ ನಟಿಸಿದ್ದಾರೆ. ಆ ಮುಖದ ಮೇಲಿನ ಅಂಜಿಕೆ ಅಷ್ಟು ನಿಜವಾಗಿ ಕಾಣುವುದಕ್ಕೆ ಇದೂ ಕಾರಣವಿರಬಹುದೇ? ಸಿನಿಮಾ ವಿಶ್ಲೇಷಣೆ ಎಂದು ರಟ್ಟಿನ ಮೇಲೆ ಅಚ್ಚು ಹಾಕಿಸಿದವರು ನಟಿಯ ಕಡೆ ನೋಡುವುದೇ ಇಲ್ಲ.

ಕಾಫಿ ಅಂಗಡಿಯ ದೃಶ್ಯಕ್ಕೆ ಬರೋಣ, ಯಾಕೆಂದರೆ ಎಲ್ಲ ಪ್ರಬಂಧಗಳೂ ಅಲ್ಲಿಗೆ ಬರುತ್ತವೆ. ಶಶಿ ಹೆದರಿ ಹೆದರಿ ಕಾಫಿ ಕೇಳುತ್ತಾಳೆ. ಕೌಂಟರಿನ ಹುಡುಗಿ ಯಾವ ಕಾಫಿ, ಮತ್ತೇನು ಎಂದು ಪಟಪಟನೆ ಕೇಳುತ್ತಾಳೆ. ಹಿಂದೆ ಸಾಲು, ಮುಂದೆ ಸಿಡುಕು. ಶಶಿ ಕೈಕಾಲು ಬಿಟ್ಟು ಹೊರಗೆ ಓಡಿಬಂದು ಅಳುತ್ತಾಳೆ. ಪ್ರಬಂಧಗಳ ತೀರ್ಮಾನ: ಶಬ್ದಸಂಪತ್ತಿನ ಕೊರತೆ. ಅಲ್ಲ ಸ್ವಾಮಿ, ಕಾಫಿ ಎನ್ನುವ ಶಬ್ದ ಅವಳಿಗೆ ಬರುತ್ತದೆ! ಬಾರದ್ದು ಆ ಅಂಗಡಿಯ ಪದ್ಧತಿ. ಮೊದಲು ಯಾವ ಪ್ರಶ್ನೆ ಬರುತ್ತದೆ, ಆಮೇಲೆ ಯಾವುದು, ಎಷ್ಟು ಬೇಗ ಉತ್ತರಿಸಬೇಕು ಎಂಬುದು ಯಾವ ವ್ಯಾಕರಣದಲ್ಲೂ ಇಲ್ಲ. ಊರು ಬಿಟ್ಟವರಿಗೆಲ್ಲ ಇದು ಗೊತ್ತು. ಮುಂಬಯಿ ಲೋಕಲ್ಲಿನ ಟಿಕೆಟ್ ಕಿಟಕಿಯಲ್ಲಿ ‘ಸಿಂಗಲ್ಲೋ ರಿಟರ್ನೋ’ ಎಂದು ಗದರಿದಾಗ, ಚೆನ್ನೈಯಲ್ಲಿ ಆಟೋದವನು ಎದುರು ಪ್ರಶ್ನೆ ಹಾಕಿದಾಗ, ಪುಣೆಯ ಬಸ್ಸಿನಲ್ಲಿ ಕಂಡಕ್ಟರು ‘ಪುಢೆ ಚಲಾ’ ಎಂದು ಕೂಗಿದಾಗ ನಾವೆಲ್ಲ ಶಶಿಯರೇ ಆಗಿದ್ದೆವು. ಆ ಭಾಷೆ ನಮಗೆ ಪೂರ್ತಿ ಬಾರದೆ ಇರಲಿಲ್ಲ. ನಮಗೆ ಸಿಗದೆ ಹೋದದ್ದು ಒಂದು ಕ್ಷಣದ ಸಮಯ, ಮತ್ತೊಂದು ಸಲ ಕೇಳುವ ಹಕ್ಕು.

ಇದಕ್ಕೆ ಎದುರಾಗಿ ಇಡಬೇಕಾದ ದೃಶ್ಯ ಸಿನಿಮಾದಲ್ಲೇ ಇದೆ. ಇಂಗ್ಲಿಷ್ ಕ್ಲಾಸಿನಲ್ಲಿ ಲೊರಾಂ ಎಂಬ ಫ್ರೆಂಚ್ ಅಡುಗೆಯವನಿದ್ದಾನೆ. ಅವನು ಫ್ರೆಂಚಿನಲ್ಲಿ ತನ್ನ ಮನಸ್ಸಿನ ಮಾತು ಹೇಳುತ್ತಾನೆ, ಶಶಿ ಹಿಂದಿಯಲ್ಲಿ ತನ್ನದನ್ನು ಹೇಳುತ್ತಾಳೆ. ಶಬ್ದ ಒಬ್ಬರದೊಬ್ಬರಿಗೆ ಅರ್ಥವಾಗುವುದಿಲ್ಲ, ಆದರೂ ಮಾತುಕತೆ ನಡೆಯುತ್ತದೆ. ‘ಇಂಗ್ಲಿಷ್ ವಿಂಗ್ಲಿಷ್’ ಎನ್ನುವ ಸಿನಿಮಾದ ಅತ್ಯಂತ ಒಳ್ಳೆಯ ಸಂಭಾಷಣೆ ಇಂಗ್ಲಿಷಿನಲ್ಲಿಲ್ಲ! ಹುಡುಗರ ಕಣ್ಣಿಗೆ ಇದು ಯಾಕೆ ಬೀಳುವುದಿಲ್ಲ ಎಂದು ಯೋಚಿಸಿದಾಗ ಒಂದು ಕಾರಣ ಹೊಳೆಯಿತು. ಅವರ ಕೈಯಲ್ಲಿರುವುದು ಇಂಗ್ಲಿಷ್ ಸಬ್‌ಟೈಟಲ್ಲುಗಳಿಂದ ಇಳಿಸಿಕೊಂಡ ಸಂಭಾಷಣೆ. ಸಬ್‌ಟೈಟಲ್ಲಿನಲ್ಲಿ ಹಿಂದಿಯೂ ನೆಟ್ಟನೆ ಇಂಗ್ಲಿಷೇ. ಯಾರು ಯಾವಾಗ ಯಾವ ಭಾಷೆಗೆ ಜಾರಿದರು, ಎಲ್ಲಿ ಮೌನವಾದರು, ಎಲ್ಲಿ ಅರ್ಧ ಮಾತು ನುಂಗಿದರು ಎನ್ನುವುದೆಲ್ಲ ಅಲ್ಲಿ ಅಳಿಸಿಹೋಗಿರುತ್ತದೆ. ಮೂರು ಭಾಷೆ ಬಲ್ಲ ಮಕ್ಕಳು ತಮ್ಮ ಕಿವಿ ಬಿಟ್ಟು ಆ ಕೆಳಗಿನ ಸಾಲನ್ನು ನಂಬಿ ಸಂಶೋಧನೆ ಮಾಡುತ್ತಾರೆ.

ಹಾಗೆಯೇ ಯಾರ ತಪ್ಪಿಗೆ ಯಾರು ನಗುತ್ತಾರೆ ಎನ್ನುವ ಲೆಕ್ಕ. ಲೊರಾಂನ ಇಂಗ್ಲಿಷೂ ಮುರುಕೇ, ಆದರೆ ಅದು ಚಂದ ಕಾಣುತ್ತದೆ. ಶಶಿ ‘ಜಾಝ್’ ಎನ್ನುವ ಶಬ್ದ ಉಚ್ಚರಿಸಿದ ರೀತಿಗೆ ಮನೆಯಲ್ಲಿ ಗಂಡ ಮಗಳು ಸೇರಿ ನಗುತ್ತಾರೆ. ವೀಸಾ ಕಚೇರಿಯಲ್ಲಿ ಇಂಗ್ಲಿಷ್ ಬಾರದೆ ನಮ್ಮ ದೇಶದಲ್ಲಿ ಹೇಗೆ ಸಂಭಾಳಿಸುತ್ತೀರಿ ಎಂದು ಅಮೆರಿಕದವನು ಕೇಳಿದರೆ, ನೀವು ಹಿಂದಿ ಬಾರದೆ ನಮ್ಮ ದೇಶದಲ್ಲಿ ಸಂಭಾಳಿಸಿದ ಹಾಗೆ ಎಂದು ಪಕ್ಕದ ಭಾರತೀಯ ಹೇಳುತ್ತಾನೆ. ಆ ಮಾತಿಗೆ ಥಿಯೇಟರಿನಲ್ಲಿ ಚಪ್ಪಾಳೆ. ನಾನೂ ತಟ್ಟಿದೆ. ಆಮೇಲೆ ಒಂದು ಚಿಕ್ಕ ಮುಳ್ಳು ಚುಚ್ಚಿತು. ಹಿಂದಿ ಬಾರದವರಿಗೆ ಆ ಚಪ್ಪಾಳೆಯಲ್ಲಿ ಪಾಲು ಎಷ್ಟು? ನಮ್ಮ ಅಜ್ಜಿಯನ್ನು ಆ ಕಿಟಕಿಯ ಮುಂದೆ ನಿಲ್ಲಿಸಿದ್ದರೆ ಆಕೆಯ ಪರವಾಗಿ ಯಾರು ಮಾತಾಡುತ್ತಿದ್ದರು?

ಈ ಪ್ರಶ್ನೆ ನನ್ನನ್ನು ಸಿನಿಮಾದ ದೊಡ್ಡ ಮರೆವಿನ ಹತ್ತಿರ ತಂದು ನಿಲ್ಲಿಸುತ್ತದೆ. ಪುಣೆ, ಗೋಡಬೋಲೆ ಮನೆತನ, ಮನೆಯಲ್ಲಿ ಅತ್ತೆ. ಆದರೆ ಆಡುವುದು ಹೆಚ್ಚುಕಡಿಮೆ ಪೂರಾ ಹಿಂದಿ. ಗೋಡಬೋಲೆ ಮನೆಯಲ್ಲಿ ಅತ್ತೆ ಸೊಸೆ ಹಿಂದಿಯಲ್ಲಿ ಮಾತಾಡುವುದನ್ನು ನೀವು ಪುಣೆಯ ಸದಾಶಿವ ಪೇಠೆಯಲ್ಲಿ ಹೇಳಿ ನೋಡಿ, ನಗುತ್ತಾರೆ. ಹಿಂದಿ ಸಿನಿಮಾ, ಮಾರುಕಟ್ಟೆಯ ಅನಿವಾರ್ಯ, ಒಪ್ಪೋಣ. ಆದರೆ ಭಾಷೆಯ ಬಗ್ಗೆಯೇ ಇರುವ ಸಿನಿಮಾದಲ್ಲಿ ಒಂದು ಮನೆಯ ಭಾಷೆ ಮಾಯವಾಗಿದೆ ಎನ್ನುವುದನ್ನು ಭಾಷಾವಿಜ್ಞಾನದ ವಿದ್ಯಾರ್ಥಿಯಾದರೂ ಗಮನಿಸಬೇಡವೇ? ಮರಾಠಿ ಮಕ್ಕಳೇ ಬರೆದ ಪ್ರಬಂಧಗಳಲ್ಲೂ ‘ಶಶಿಯ ಮಾತೃಭಾಷೆ ಹಿಂದಿ’ ಎಂದು ಸಲೀಸಾಗಿ ಬರೆದಿರುತ್ತಾರೆ.

ಒಮ್ಮೆ ವೈವಾಕ್ಕೆ ಸೊಲ್ಲಾಪುರದ ಕಡೆಯ ಹುಡುಗಿಯೊಬ್ಬಳು ಬಂದಿದ್ದಳು. ಹೆಸರಿನ ಮೇಲಿಂದ ನಮ್ಮವಳೇ ಅನ್ನಿಸಿತು. ಪ್ರಬಂಧ ಅಚ್ಚುಕಟ್ಟಾಗಿತ್ತು. ‘ಸವಾಲುಗಳು’ ಎನ್ನುವ ಕಡೆ ಒಂದು ವಾಕ್ಯ ಬರೆದಿದ್ದಳು: ಓದು ಬರಹವಿಲ್ಲದ ತಾಯಂದಿರು ಇರುವ ಮನೆಯ ವಾತಾವರಣ ಇಂಗ್ಲಿಷ್ ಕಲಿಕೆಗೆ ತೊಡಕು. ಪ್ರಶ್ನೋತ್ತರವೆಲ್ಲ ಮುಗಿದ ಮೇಲೆ ಕನ್ನಡದಲ್ಲಿ ಕೇಳಿದೆ, “ಮನ್ಯಾಗ ಏನ್ ಮಾತಾಡ್ತಿಯವಾ?”

ಬೆಚ್ಚಿದಳು. ಆಮೇಲೆ ಮುಖ ಸಡಿಲಾಯಿತು. “ಅವ್ವನ ಕೂಡ ಕನ್ನಡರೀ ಸರ್. ತಮ್ಮನ ಕೂಡ ಮರಾಠಿ.”

“ಅವ್ವ ಸಂತ್ಯಾಗ?”

“ರೇಟು ಕೇಳೂದು ಮರಾಠ್ಯಾಗ, ಚೌಕಾಶಿ ಹಿಂದ್ಯಾಗ, ಬೈಕೋತ ಮನೀಗೆ ಬರೂದು ಕನ್ನಡದಾಗ.”

ನನ್ನ ಜೊತೆಗಿದ್ದ ಮರಾಠಿ ಪರೀಕ್ಷಕರಿಗೆ ಅದನ್ನು ಅನುವಾದಿಸಿ ಹೇಳಿದೆ. ಅವರೂ ನಕ್ಕರು. ಎಂಬತ್ತು ಪುಟಗಳ ಆ ಪ್ರಬಂಧದಲ್ಲಿ ಈ ಒಂದು ಮಾತಿನಷ್ಟು ಭಾಷಾವಿಜ್ಞಾನ ಇರಲಿಲ್ಲ. “ಇದನ್ನ ಯಾಕ ಬರೀಲಿಲ್ಲ?” ಅಂದೆ. ಹುಡುಗಿ ನಿಜವಾಗಿಯೂ ಅರ್ಥವಾಗದೆ ಕೇಳಿದಳು, “ಇದ್ರಾಗ ರಿಸರ್ಚ್ ಏನೈತ್ರೀ ಸರ್?”

ಯಾವ ಕೆಲಸಕ್ಕೆ ಯಾವ ಭಾಷೆ ಎಂದು ಕ್ಷಣದಲ್ಲಿ ಆರಿಸಿಕೊಳ್ಳಬಲ್ಲ ಹೆಂಗಸನ್ನು ಸ್ವಂತ ಮಗಳೇ ‘ತೊಡಕು’ ಎಂದು ಬರೆದಿದ್ದಳು. ಸಿನಿಮಾದ ಮಗಳು ಅಮ್ಮನ ಬಗ್ಗೆ ನಾಚಿಕೊಂಡಳೆಂದು ಅವಳ ಮೇಲೆ ಒಂದು ಪೂರಾ ಅಧ್ಯಾಯ ಸಿಟ್ಟು ಮಾಡಿದ ಪ್ರಬಂಧವೂ ಅದೇ. ಇದರಲ್ಲಿ ಆ ಹುಡುಗಿಯ ತಪ್ಪು ಕಡಿಮೆ. ರಿಸರ್ಚ್ ಎಂದರೆ ಬೇರೆ ಯಾರದೋ ಮನೆಯಲ್ಲಿ ಇರುವಂಥದ್ದು ಎಂದು ಅವಳಿಗೆ ನಾವು ಕಲಿಸಿದ್ದೇವೆ.

ಆ ಕಡೆಯ ನೆಲದ ಮೇಲೆ ಜಗತ್ತೇ ಓದಿದ ಸಂಶೋಧನೆ ನಡೆದಿದೆ ಎನ್ನುವುದನ್ನು ಮಾತ್ರ ಕಲಿಸುವುದಿಲ್ಲ. ಸಾಂಗಲಿ ಜಿಲ್ಲೆಯ ಕುಪವಾಡದಲ್ಲಿ ಕನ್ನಡ, ಮರಾಠಿ, ಉರ್ದು ಭಾಷಿಕರು ಶತಮಾನಗಳಿಂದ ಕೂಡಿ ಬಾಳಿ ಅವರ ಭಾಷೆಗಳ ವಾಕ್ಯರಚನೆಯೇ ಹೇಗೆ ಒಂದಕ್ಕೊಂದು ಹತ್ತಿರವಾಯಿತು ಎಂದು ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಬರೆದರು. ನಾವು ‘ಇದು ನಿಮ್ಮ ಮನೆ’ ಎಂದು ಕ್ರಿಯಾಪದವಿಲ್ಲದೆ ನಿಲ್ಲಿಸುತ್ತೇವೆ. ಅಲ್ಲಿಯ ಕನ್ನಡ ಮರಾಠಿಯ ‘ಆಹೆ’ಯಂತೆ ಕೊನೆಗೊಂದು ‘ಐತಿ’ಯಂಥ ಕ್ರಿಯಾಪದ ಸೇರಿಸುತ್ತದೆ. ಕೋಷ್ಟಕ ಹಾಕುವವರ ಲೆಕ್ಕದಲ್ಲಿ ಇದು ‘ಮರಾಠಿಯ ಅಡ್ಡಿ’. ಗಂಪರ್ಜ್ ಅವರಿಗೆ ಅದು ನೆರೆಹೊರೆಯ ಬಾಳುವೆ ವ್ಯಾಕರಣದಲ್ಲಿ ಬಿಟ್ಟ ಗುರುತು. 2011ರ ಜನಗಣತಿಯಂತೆ ಮಹಾರಾಷ್ಟ್ರದಲ್ಲಿ ಕನ್ನಡ ತಾಯ್ನುಡಿಯವರು ಸುಮಾರು 10 ಲಕ್ಷ. ಅಷ್ಟು ಮನೆಗಳಲ್ಲಿ ಏನೇನು ಗುರುತುಗಳಿವೆಯೋ!

ಊರಲ್ಲಿರುವ ನಿಮಗೆ ಇದು ಹೊರನಾಡಿನವರ ಗೋಳು ಅನ್ನಿಸಬಹುದು. ಹಾಗಲ್ಲ. ಬೆಂಗಳೂರಿನ ಹೆಸರಿನಲ್ಲೇ ಇಂಗ್ಲಿಷ್ ಕಲಿಕೆಯ ಒಂದು ದೊಡ್ಡ ಪ್ರಯೋಗವಿದೆ. ಎನ್.ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಸಾಮಾನ್ಯ ಶಾಲೆಗಳಲ್ಲಿ ನಡೆಸಿದ ‘ಬ್ಯಾಂಗಲೋರ್ ಪ್ರಾಜೆಕ್ಟ್’. ವ್ಯಾಕರಣ ಬಾಯಿಪಾಠ ಮಾಡಿಸುವುದನ್ನು ಬಿಟ್ಟು ರೈಲಿನ ವೇಳಾಪಟ್ಟಿ, ನಕ್ಷೆ ಇಂಥವನ್ನು ಕೊಟ್ಟು ಲೆಕ್ಕ ಬಿಡಿಸಲು ಹಚ್ಚಿದರು. ಅರ್ಥದ ಕಡೆ ಲಕ್ಷ್ಯವಿದ್ದರೆ ವ್ಯಾಕರಣ ತಾನಾಗಿ ಒಳಗೆ ಇಳಿಯುತ್ತದೆ ಎನ್ನುವುದು ಅವರ ನಂಬಿಕೆ. ಕಾಫಿ ಅಂಗಡಿಯ ಶಶಿಗೆ ಬೇಕಾಗಿದ್ದದ್ದು ಇದೇ. ‘ಟಾಸ್ಕ್’ ಮೂಲಕ ಕಲಿಸುವ ಪದ್ಧತಿ ಎಂದು ಪ್ರಬಂಧಗಳಲ್ಲಿ ಪರದೇಶದ ಹೆಸರುಗಳು ಸಾಲುಸಾಲಾಗಿ ಬರುತ್ತವೆ. ಪ್ರಭು ಅವರ ಹೆಸರು ಅಪರೂಪ.

ಹುಡುಗರ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ. ನಾಲ್ಕು ತಿಂಗಳ ಅವಧಿ, ಒಬ್ಬ ಗೈಡಿನ ಕೈಕೆಳಗೆ ಹತ್ತಾರು ಮಂದಿ, ನಕಲು ಹಿಡಿಯುವ ಸಾಫ್ಟ್‌ವೇರಿನ ಹೆದರಿಕೆ. ಅಚ್ಚಿನಿಂದ ಹೊರಗೆ ಕಾಲಿಟ್ಟರೆ ಮಾರ್ಕ್ಸು ಹೋದೀತೆಂಬ ಭಯ. ಅಷ್ಟರ ನಡುವೆಯೂ ಇವರು ಈ ಸಿನಿಮಾವನ್ನೇ ಆರಿಸಿಕೊಳ್ಳುತ್ತಾರೆ ಎನ್ನುವುದರಲ್ಲಿ ಒಂದು ಪ್ರಾಮಾಣಿಕತೆ ಇದೆ. ಮಗಳ ನಾಚಿಕೆಯ ಬಗ್ಗೆ ಬರೆದ ಪುಟಗಳಲ್ಲಿ ಭಾಷೆಗೆ ಒಮ್ಮೆಲೇ ಕಾವು ಬರುತ್ತದೆ, ವಾಕ್ಯಗಳು ಸ್ವಂತದ್ದಾಗುತ್ತವೆ. ಹೇಳಬೇಕಾದ್ದು ಅವರಲ್ಲಿ ಇದೆ, ಹೇಳುವ ಜಾಗವನ್ನು ನಾವು ಕೊಟ್ಟಿಲ್ಲ.

ಇನ್ನು ಸಿನಿಮಾ ವಿಶ್ಲೇಷಣೆ ಎಂದ ಮೇಲೆ ಸಿನಿಮಾವನ್ನೂ ಒರೆಗೆ ಹಚ್ಚಬೇಕು. ನಾಲ್ಕು ವಾರಕ್ಕೆ ಆ ಭಾಷಣ ಸಾಧ್ಯವೇ ಎಂದು ಕೇಳಿದವರು ಕಡಿಮೆ. ಮಗ ಲಾಡುಗಳನ್ನು ಬೀಳಿಸಿದ ಕಾರಣ ಶಶಿ ಪರೀಕ್ಷೆಗೆ ಹೋಗದೆ ಮತ್ತೆ ಲಾಡು ಮಾಡಲು ಕೂರುತ್ತಾಳೆ. ಎಷ್ಟು ಒಳ್ಳೆಯ ಎಡೆ ಅದು! ಆದರೆ ಸಿನಿಮಾ ಅಲ್ಲಿ ನಿಲ್ಲುವುದಿಲ್ಲ. ಮದುವೆಮನೆಯ ಭಾಷಣವನ್ನೇ ಪರೀಕ್ಷೆ ಮಾಡಿ, ಮೇಷ್ಟ್ರಿಂದಲೇ ಡಿಸ್ಟಿಂಕ್ಷನ್ ಕೊಡಿಸುತ್ತದೆ. ಗಂಡನ ಮನಸ್ಸು ಕರಗಬೇಕಾದರೆ ಅವಳು ಇಂಗ್ಲಿಷಿನಲ್ಲೇ ಮಾತಾಡಬೇಕಾಯಿತು. ಅದೇ ಮಾತನ್ನು ಅವಳು ಹಿಂದಿಯಲ್ಲೋ ಮರಾಠಿಯಲ್ಲೋ ಆಡಿದ್ದರೆ ಅವನು ತಲೆ ತಗ್ಗಿಸುತ್ತಿದ್ದನೇ? ಇಂಗ್ಲಿಷಿನ ದರ್ಪವನ್ನು ಪ್ರಶ್ನಿಸುವ ಸಿನಿಮಾ ಕೊನೆಗೆ ನ್ಯಾಯ ತೀರ್ಮಾನವನ್ನು ಇಂಗ್ಲಿಷಿನ ಕೈಗೇ ಕೊಡುತ್ತದೆ. ವಿಮಾನದಲ್ಲಿ ಅವಳು ಹಿಂದಿ ಪೇಪರು ಕೇಳುವ ಕೊನೆಯ ದೃಶ್ಯ ಸುಂದರವಾಗಿದೆ, ನಿಜ. ಆದರೆ ಅದು ಪಾಸಾದ ಮೇಲೆ ಬರುವ ಧೈರ್ಯ.

ಪಾಸಾಗದೆಯೂ ಕಲಿತವರ ಕಥೆ ನಮ್ಮಲ್ಲಿ ಬೇಕಷ್ಟಿದೆ. ಕರಾವಳಿಯಿಂದ ಮುಂಬಯಿಗೆ ಹೋಗಿ, ಹಗಲು ಉಡುಪಿ ಹೋಟೆಲುಗಳಲ್ಲಿ ಲೋಟ ತೊಳೆದು ರಾತ್ರಿ ಕನ್ನಡ ರಾತ್ರಿಶಾಲೆಗಳಲ್ಲಿ ತೂಕಡಿಸುತ್ತ ಇಂಗ್ಲಿಷ್ ಪಾಠ ಓದಿದ ಹುಡುಗರು ಎಷ್ಟು ಮಂದಿ! ಗಿರಾಕಿಯ ಕೂಡ ಹಿಂದಿ, ಮರಾಠಿ, ಅಡುಗೆಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷ್. ಅವರಿಗೆ ನಾಲ್ಕು ವಾರ ಸಾಲಲಿಲ್ಲ, ವರ್ಷಗಳೇ ಹಿಡಿದವು. ಅವರಲ್ಲಿ ಅನೇಕರು ಈಗ ಮುದುಕರು. ಕೇಳಿದರೆ ಕೂತು ಹೇಳುತ್ತಾರೆ, ಆದರೆ ಕೇಳುವ ಕಾಲ ಉಳಿದಿರುವುದು ಸ್ವಲ್ಪ.

ಆದ್ದರಿಂದ ಈ ವರ್ಷ ಡಿಸರ್ಟೇಷನ್ ಬರೆಯಲು ಬಂದವರಿಗೆ ನಾನು ಹೇಳುತ್ತಿರುವುದು ಇಷ್ಟು. ಸಿನಿಮಾ ಬಿಡಬೇಡಿ, ಆದರೆ ಸಬ್‌ಟೈಟಲ್ ಆಫ್ ಮಾಡಿ ನೋಡಿ. ತಪ್ಪು ಎಣಿಸುವ ಮೊದಲು ಆ ತಪ್ಪಿಗೆ ಯಾರು ನಕ್ಕರು ಎಂದು ಬರೆದುಕೊಳ್ಳಿ. ಆಮೇಲೆ ಅದೇ ಸಿನಿಮಾವನ್ನು ಮನೆಯಲ್ಲಿ ಅಮ್ಮನ ಪಕ್ಕ ಕೂತು ನೋಡಿ. ಆಕೆ ಎಲ್ಲಿ ನಕ್ಕಳು, ಎಲ್ಲಿ ಎದ್ದು ಅಡುಗೆಮನೆಗೆ ಹೋದಳು, ಯಾವ ಭಾಷೆಯಲ್ಲಿ ಏನು ಗೊಣಗಿದಳು ಎನ್ನುವುದನ್ನು ಆಕೆಯ ಒಪ್ಪಿಗೆ ಕೇಳಿಕೊಂಡು ಬರೆದು ತನ್ನಿ. ಆ ಹಾಳೆಗಳಿಗೆ ನಾಲ್ಕನೆಯ ಅಧ್ಯಾಯ ಎಂದು ಹೆಸರಿಡೋಣ.

ಇಬ್ಬರು ಒಪ್ಪಿದ್ದಾರೆ. ಒಬ್ಬನ ತಾಯಿ ಬೀದರಿನವರು. “ಮೂರು ತಾಸು ಕೂಡಂಗಿಲ್ಲ, ಒಂದೂವರೆ ತಾಸು ಆದ್ರ ನೋಡ್ತೀನಿ” ಅಂದರಂತೆ. ಸಿನಿಮಾ ಎರಡು ತಾಸಿನ ಮೇಲಿದೆ. ಎರಡು ಕಂತಿನಲ್ಲಿ ನೋಡಿರಿ ಎಂದು ಹೇಳಿ ಕಳಿಸಿದ್ದೇನೆ.